ಮೂರನೇ ಕಟ್ಟೆಯಲ್ಲಿ ಯಾರೂ ಹತ್ತುವುದಿಲ್ಲ

ನಮ್ಮ ಬಸ್ ಡಿಪೋದ ವೇಳಾಪಟ್ಟಿ ವಿಭಾಗದಲ್ಲಿ ಒಬ್ಬ ಗುಮಾಸ್ತನಿದ್ದಾನೆ. ಅವನನ್ನು ಎಲ್ಲರೂ ದೋಣಿ ಎಂದು ಕರೆಯುತ್ತಾರೆ. ಅವನ ಮೊಬೈಲ್ ಗೇಮಿನಲ್ಲಿರುವ ದೋಣಿಯನ್ನು ನೋಡಿ ಆ ಹೆಸರಿಟ್ಟವನು ನಾನೇ. ವಯಸ್ಸು ಐವತ್ತೊಂದು, ಮುಂದಲೆ ಬೋಳು, ಅಂಗಿಯ ಜೇಬಿನಲ್ಲಿ ಕೆಂಪು, ನೀಲಿ, ಹಸಿರು ಮೂರು ಪೆನ್ನು. ಇಂಥ ಮನುಷ್ಯ ದಿನಾ ಮಧ್ಯಾಹ್ನ ಒಂದು ಗಂಟೆಗೆ ಊಟದ ಡಬ್ಬಿ ಬಿಚ್ಚಿ, ನೀರಿನ ಬಾಟಲಿಗೆ ಮೊಬೈಲ್ ಒರಗಿಸಿಟ್ಟು, ಪ್ರಾಣಿಗಳು ಅಂಗಿ ಚಡ್ಡಿ ಹಾಕಿಕೊಂಡು ಓಡಾಡುವ ಒಂದು ಕಾರ್ಟೂನ್ ಆನ್‌ಲೈನ್ ಗೇಮಿನೊಳಗೆ ಹೊಕ್ಕುಬಿಡುತ್ತಾನೆ. ಆಡುತ್ತಾನೆ ಎಂದು ನಾನು ಹೇಳುವುದಿಲ್ಲ. ಆಡಿದ್ದರೆ ಆಟ ಅಂತ ಬಿಟ್ಟುಬಿಡಬಹುದಿತ್ತು. ಅವನು ಅಲ್ಲಿ ಸುಮ್ಮನೆ ನಿಂತು ನೋಡುತ್ತಾನೆ, ನೋಡಿದ್ದನ್ನು ಬರೆಯುತ್ತಾನೆ.

ನಾನು ಆ ವಿಭಾಗದ ಮುಖ್ಯಸ್ಥ. ನನ್ನ ಕೈಕೆಳಗೆ ಆರು ಜನ, ಎಂಬತ್ತೆರಡು ಮಾರ್ಗ. ಯಾವ ಬಸ್ಸು ಎಷ್ಟು ಗಂಟೆಗೆ ಎಲ್ಲಿರಬೇಕು, ಯಾವ ನಿಲ್ದಾಣದಲ್ಲಿ ಎಷ್ಟು ನಿಮಿಷ ನಿಲ್ಲಬೇಕು ಎಂದು ಗೆರೆ ಎಳೆಯುವುದು ನಮ್ಮ ಕೆಲಸ. ನನಗೆ ಪೆದ್ದರನ್ನು ಕಂಡರೆ ಆಗುವುದಿಲ್ಲ. ಅದನ್ನು ನಾನು ಮುಚ್ಚಿಟ್ಟವನೂ ಅಲ್ಲ. ಯಾರಾದರೂ ಮೇಜಿನ ಮುಂದೆ ನಿಂತು ರಾಗ ಎಳೆಯಲು ಶುರು ಮಾಡಿದರೆ ನನಗೆ ಮೊದಲು ನಗು ಬರುತ್ತದೆ, ಆಮೇಲೆ ಸಿಟ್ಟು ಬರುತ್ತದೆ.

ಆ ಗೇಮನ್ನು ದೋಣಿಯ ಮೊಬೈಲಿಗೆ ಹಾಕಿದ್ದು ಅವನ ಮಗಳು, ಅವಳಿಗೆ ಹನ್ನೆರಡು ವರ್ಷವಿದ್ದಾಗ. ಅವಳು ಒಂದು ವರ್ಷ ಆಡಿ ಬೇಜಾರಾಗಿ ಬಿಟ್ಟಳು. ಈಗ ಕಾಲೇಜು ಮುಗಿಸಿ ದಂತವೈದ್ಯರೊಬ್ಬರ ಹತ್ತಿರ ಕೆಲಸಕ್ಕಿದ್ದಾಳೆ. ಅಪ್ಪ ಮಾತ್ರ ಅಲ್ಲೇ ಉಳಿದ. ಮಗು ದೊಡ್ಡದಾಗಿ ಅಪ್ಪ ಮಗುವಾದ ಸಂಸಾರ ಅದು. ಅವನ ಹೆಂಡತಿ ಜೆರಾಕ್ಸ್ ಅಂಗಡಿ ನಡೆಸುತ್ತಾರೆ. ಒಮ್ಮೆ ಸಿಕ್ಕಾಗ ನಾನು ಕೇಳಿಯೇಬಿಟ್ಟೆ, "ಏನಮ್ಮಾ, ಮನೆಯಲ್ಲೂ ಹೀಗೇನಾ?" ಆಕೆ ಕಾಗದ ಜೋಡಿಸುತ್ತ, "ಕುಡಿಯಲ್ಲ, ಇಸ್ಪೀಟ್ ಆಡಲ್ಲ, ಒಂದು ನೀರುನಾಯಿನ ನೋಡ್ಕೊಂಡು ಕೂತಿರ್ತಾರೆ. ನಂಗೇನು ಕಷ್ಟ ಸಾರ್?" ಎಂದರು. ಗಂಡನಿಗೆ ತಕ್ಕ ಹೆಂಡತಿ ಎಂದುಕೊಂಡು ಬಂದೆ.

ಆ ಗೇಮಿನ ಅಭಿಮಾನಿಗಳದ್ದು ಒಂದು ಗುಂಪಿದೆ. ಎಲ್ಲ ಹದಿನೆಂಟು ಇಪ್ಪತ್ತರ ಹುಡುಗ ಹುಡುಗಿಯರು. ಅದರ ನಡುವೆ ಈ ಬೋಳುತಲೆ. ನಗುವುದಕ್ಕೆಂದೇ ನಾನೂ ಅದರಲ್ಲಿ ಬೇರೆ ಹೆಸರಿಟ್ಟುಕೊಂಡು ಸೇರಿಕೊಂಡೆ. ಹುಡುಗರು ಅಲ್ಲಿ ಎರಡು ಸಾಲು ಗೀಚಿ, ಒಂದು ಗೊಂಬೆ ಅಂಟಿಸಿ ಹೋಗುತ್ತಾರೆ. ದೋಣಿ ಹಾಗಲ್ಲ. ಅವನು ಸುತ್ತೋಲೆ ಹೊರಡಿಸುತ್ತಾನೆ. ನನ್ನ ಕಣ್ಣಾರೆ ಓದಿದ್ದನ್ನೇ ಹೇಳುತ್ತೇನೆ:

"ವಿಷಯ: ಟಿಕೆಟ್ ಕಿಟಕಿಯ ಬಾತುಕೋಳಿ ಹಾಗೂ ದೋಣಿ ನಡೆಸುವ ನೀರುನಾಯಿ, ಇವರ ನಡುವಿನ ಹಳೆಯ ಮನಸ್ತಾಪದ ಬಗ್ಗೆ. ಉಲ್ಲೇಖ: ಇದೇ ಗುಂಪಿನಲ್ಲಿ ಕಳೆದ ತಿಂಗಳ ನನ್ನ ಟಿಪ್ಪಣಿ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಬಾತುಕೋಳಿಯು ಪ್ರತಿಯೊಬ್ಬರಿಗೂ ಟಿಕೆಟ್ ಕೊಡುತ್ತದೆ. ಆದರೆ ನೀರುನಾಯಿಯು ಒಂಬತ್ತು ವರ್ಷಗಳಲ್ಲಿ ಒಮ್ಮೆಯೂ ಟಿಕೆಟ್ ಕೇಳಿಲ್ಲ. ದೋಣಿಯ ಹಿಂಬದಿಯಲ್ಲಿ ಕಂಡಕ್ಟರ್ ಕೂರುವ ಸಣ್ಣ ಮಣೆಯೊಂದಿದ್ದು, ಅದು ಸವೆದಿದೆ. ಆದ್ದರಿಂದ ಬಾತುಕೋಳಿಯು ಹಿಂದೆ ದೋಣಿಯಲ್ಲೇ ಕೆಲಸ ಮಾಡುತ್ತಿತ್ತೆಂದೂ, ಇಬ್ಬರಿಗೂ ಮಾತು ನಿಂತ ಮೇಲೆ ಕಿಟಕಿಗೆ ಬಂದಿತೆಂದೂ ತಿಳಿಯಬೇಕಾಗುತ್ತದೆ."

ಹುಡುಗರು ಅವನನ್ನು ಸರ್ಕ್ಯುಲರ್ ಅಂಕಲ್ ಎನ್ನುತ್ತಿದ್ದರು. ಬಾತುಕೋಳಿಯ ಮಣೆ ಸವೆದಿದೆಯಂತೆ. ಚಿತ್ರ ಬರೆದವನ ಕೈ ಜಾರಿ ಬಣ್ಣ ಮಾಸಿದ್ದರೆ ಇವನಿಗೆ ಅದು ಸಂಸಾರದ ಕಥೆ. ರೊಟ್ಟಿ ಅಂಗಡಿಯ ಮುಳ್ಳುಹಂದಿಯ ಬಗ್ಗೆ ಮೂರು ಪುಟ, ಆ ಊರಿಗೆ ಚರಂಡಿ ಯಾಕಿಲ್ಲ ಎಂಬುದರ ಬಗ್ಗೆ ಐದು ಪುಟ. ಗೇಮಿನ ದೋಣಿ ನಿಲ್ಲುವ ಕಟ್ಟೆಗಳಲ್ಲಿ ಎರಡನೆಯದರ ಮೇಲೆ ಸೀಟಿ ಹಿಡಿದು ನಿಂತಿರುವ ಒಂದು ಕಪ್ಪೆ ಇದೆ, ಅದು ತನಿಖಾಧಿಕಾರಿಯಂತೆ. ಅದನ್ನು ಮುಟ್ಟಿದರೆ ಕೆನ್ನೆ ಉಬ್ಬಿಸಿ ಖೆಖೆ ಎಂದು ನಗುತ್ತದೆ, ಅಷ್ಟೇ ಅದರ ಕೆಲಸ. ದೋಣಿ ಅದರ ಬಗ್ಗೆಯೂ ಬರೆದಿದ್ದ: "ಈ ಕಪ್ಪೆಯ ಹತ್ತಿರ ಇಡೀ ಊರಿನಲ್ಲಿ ಯಾರೂ ಏನನ್ನೂ ಹೇಳಿಕೊಳ್ಳುವುದಿಲ್ಲ. ಕಟ್ಟೆ ಸುತ್ತಿಕೊಂಡು ಹೋಗುತ್ತಾರೆ. ಕಪ್ಪೆ ಕೆಟ್ಟದ್ದಲ್ಲ. ಎದುರಿನವರು ಬಾಯಿ ತೆರೆಯುವ ಮೊದಲೇ ನಕ್ಕುಬಿಡುತ್ತದೆ. ಹಾಗಾಗಿ ಅದಕ್ಕೆ ಊರಿನ ಸುದ್ದಿಯೇ ಗೊತ್ತಿಲ್ಲ." ನನಗೆ ಹೊಟ್ಟೆ ಹುಣ್ಣಾಗುವಷ್ಟು ನಗು. ಅದರ ಕೆಳಗೆ ನಗುವ ಮುಖವೊಂದನ್ನು ಒತ್ತಿದೆ. ಸಂಜೆ ಮನೆಯಲ್ಲಿ ತಂಗಿಗೂ ಓದಿ ಹೇಳಿದೆ.

ನನ್ನ ತಂಗಿ ಇಪ್ಪತ್ನಾಲ್ಕು ವರ್ಷ ನಮ್ಮದೇ ಡಿಪೋದಲ್ಲಿ ಕಂಡಕ್ಟರ್ ಆಗಿದ್ದವಳು, ಅದೂ ಬಹುಪಾಲು ಹದಿನಾಲ್ಕನೇ ನಂಬರಿನ ಮಾರ್ಗದಲ್ಲೇ. ಗಂಡ ತೀರಿಕೊಂಡ ಮೇಲೆ ನಮ್ಮ ಮಹಡಿಯ ಕೋಣೆಗೆ ಬಂದಳು, ಎರಡು ವರ್ಷದ ಹಿಂದೆ ಸ್ವಯಂ ನಿವೃತ್ತಿ ಪಡೆದಳು. ಗಟ್ಟಿ ಹೆಂಗಸು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮೂತ್ರಪಿಂಡದಲ್ಲಿ ಕಲ್ಲಾಗಿ ಎರಡು ಸಲ ಆಸ್ಪತ್ರೆ ಸೇರಿದ್ದಳು. ನೀರು ಕುಡಿಯುವುದಕ್ಕೂ ಸೋಮಾರಿತನವೇನೇ ಎಂದು ಆಗ ನಾನೇ ಚೆನ್ನಾಗಿ ಬೈದಿದ್ದೆ. ದೋಣಿಯ ಕಥೆಗಳನ್ನು ಕೇಳಿ ನನ್ನ ಹೆಂಡತಿ ನಗುತ್ತಿದ್ದಳು. ತಂಗಿ ಕಪ್ಪೆಯ ಕಥೆ ಕೇಳಿ, "ಆ ಗುಮಾಸ್ತರು ಸರಿಯಾಗೇ ನೋಡಿದಾರೆ," ಎಂದು ಲೋಟ ಎತ್ತಿಕೊಂಡು ಮಹಡಿಗೆ ಹೋದಳು.

ಈಗ ಮೂರನೇ ಕಟ್ಟೆಯ ವಿಚಾರಕ್ಕೆ ಬರುತ್ತೇನೆ. ಗೇಮಿನ ದೋಣಿ ಐದು ಕಟ್ಟೆಗಳಲ್ಲಿ ನಿಲ್ಲುತ್ತದೆ. ನಾಲ್ಕರಲ್ಲಿ ಹತ್ತು ಸೆಕೆಂಡು, ಮೂರನೆಯದರಲ್ಲಿ ಇಪ್ಪತ್ತೆರಡು. ಮೂರನೇ ಕಟ್ಟೆಯ ಹಿಂದೆ ಮನೆಯಿಲ್ಲ, ಅಂಗಡಿಯಿಲ್ಲ. ಅಲ್ಲಿ ಯಾರೂ ಹತ್ತುವುದಿಲ್ಲ, ಯಾರೂ ಇಳಿಯುವುದಿಲ್ಲ. ನಮ್ಮ ದೋಣಿ ಇದನ್ನು ಆಫೀಸಿನ ರದ್ದಾದ ನಮೂನೆಗಳ ಹಿಂಬದಿಯಲ್ಲಿ ಬರೆದಿಟ್ಟಿದ್ದ, ನಾವು ಬಸ್ಸಿನ ಓಟಕ್ಕೆ ಎಳೆಯುವ ಅದೇ ಓರೆ ಗೆರೆಗಳಲ್ಲಿ. ಅವನ ಸಿದ್ಧಾಂತ ಒಂದೇ. ಗುಂಪಿನಲ್ಲೂ ಅದನ್ನೇ ಬರೆದ, ನನ್ನ ಎದುರಿಗೂ ಅದನ್ನೇ ಹೇಳಿದ: "ಯಾರೋ ಕೇಳಿದಾರೆ ಸಾರ್. ಕೇಳದೆ ಯಾರೂ ಹೆಚ್ಚಿನ ಟೈಮ್ ಕೊಡಲ್ಲ. ಆ ನೀರುನಾಯಿಗೆ ಯಾರೋ ಕೇಳಿಕೊಂಡಿದಾರೆ, ಸ್ವಲ್ಪ ನಿಲ್ಲಿಸು ಅಂತ."

"ಯಾರಯ್ಯಾ ಕೇಳಿದ್ದು? ಮೊಸಳೆನಾ?"

"ಅದು ಗೊತ್ತಾಗಿಲ್ಲ ಸಾರ್. ನೋಡ್ತಾ ಇದೀನಿ."

ಹುಡುಗರು ಅವನನ್ನು ಹುರಿದು ಮುಕ್ಕಿದರು. ಅದು ಕಂಪ್ಯೂಟರಿನ ತೊಡಕು, ಮುಂದಿನ ಚಿತ್ರ ಬರುವುದು ತಡವಾಗುತ್ತೆ ಅಂಕಲ್, ಅಷ್ಟೇ ಎಂದರು. ಇವನು ಬಿಡಲಿಲ್ಲ. ನೆರೆ ಬಂದು ಮೂರನೇ ಕಟ್ಟೆಯ ಕೇರಿ ಕೊಚ್ಚಿಹೋಗಿರಬೇಕು, ನೀರುನಾಯಿಯ ಹತ್ತಿರ ಇರುವ ಎರಡನೇ ಲೋಟ ಅಲ್ಲಿ ಹತ್ತುತ್ತಿದ್ದ ಯಾರದೋ ಎಂದೆಲ್ಲ ವಾದಿಸಿದ. ಕೊನೆಗೆ ಗುಂಪಿನವರೆಲ್ಲ ಸೇರಿ ಗೇಮ್ ಮಾಡಿದ ಕಂಪನಿಗೇ ಪತ್ರ ಬರೆದು ಕೇಳುವುದೆಂದಾಯಿತು.

ಅದೇ ಹೊತ್ತಿಗೆ ನಮಗೆ ಮೇಲಿನಿಂದ ಆದೇಶ ಬಂತು. ಎಲ್ಲ ಮಾರ್ಗಗಳಲ್ಲೂ ಬಸ್ಸು ದಂಡಕ್ಕೆ ನಿಲ್ಲುವ ಸಮಯವನ್ನು ಕತ್ತರಿಸಬೇಕು, ಹೊಸ ವೇಳಾಪಟ್ಟಿ ತಿಂಗಳ ಮೊದಲ ಸೋಮವಾರದಿಂದ ಜಾರಿ. ಕತ್ತರಿಸುವುದರಲ್ಲಿ ನಾನು ಎತ್ತಿದ ಕೈ. ಎಂಬತ್ತೆರಡು ಮಾರ್ಗಗಳನ್ನು ಎದುರಿಗೆ ಹರಡಿಕೊಂಡು ಕೂತೆ. ಹದಿನಾಲ್ಕನೇ ನಂಬರಿನಲ್ಲಿ ಕಣ್ಣಿಗೆ ಬಿತ್ತು: ಗಿರಣಿ ಗೇಟ್, ನಾಲ್ಕು ನಿಮಿಷ. ಬಟ್ಟೆ ಗಿರಣಿ ಮುಚ್ಚಿ ಹನ್ನೊಂದು ವರ್ಷವಾಯಿತು. ಅಲ್ಲಿ ಹತ್ತುವವರಿಲ್ಲ, ಇಳಿಯುವವರಿಲ್ಲ. ಹಳೆಯ ಕಡತ ತೆಗೆಸಿದೆ. ಇಪ್ಪತ್ತೆರಡು ವರ್ಷದ ಹಿಂದೆ ನನ್ನ ಹಿಂದಿನ ಮುಖ್ಯಸ್ಥರು ಒಂದು ನಿಮಿಷವನ್ನು ನಾಲ್ಕು ಮಾಡಿದ್ದರು. ಕಾರಣ ಬರೆಯುವ ಷರಾ ಕಾಲಂ ಖಾಲಿ. ಆ ಮನುಷ್ಯ ಬೆಣ್ಣೆಯಂಥವರು, ಯಾರು ಏನು ಕೇಳಿದರೂ ಆಗಲಿ ಎನ್ನುತ್ತಿದ್ದರು. ಅವರ ಕೈಕೆಳಗೆ ಕೆಲಸ ಮಾಡುವಾಗಲೇ ನನಗೆ ಅವರ ಬಗ್ಗೆ ಮೂರು ಕಾಸಿನ ಗೌರವವಿರಲಿಲ್ಲ. ಕೆಂಪು ಪೆನ್ನಿನಲ್ಲಿ ನಾಲ್ಕನ್ನು ಹೊಡೆದು ಒಂದು ಮಾಡಿದೆ.

ದೋಣಿ ಆ ಹಾಳೆ ಹಿಡಿದುಕೊಂಡು ನನ್ನ ಮೇಜಿನ ಮುಂದೆ ಬಂದು ನಿಂತ.

"ಸಾರ್, ಗಿರಣಿ ಗೇಟು ಬಿಡಬಹುದಿತ್ತು."

"ಯಾಕೆ?"

"ಯಾರೋ ಕೇಳಿದಾರೆ ಸಾರ್."

ಇಡೀ ವಿಭಾಗ ಗೊಳ್ಳೆಂದಿತು. ನನಗೆ ಕಣ್ಣಲ್ಲಿ ನೀರು ಬರುವಷ್ಟು ನಗು. ಇವನ ತಲೆಯಲ್ಲಿ ಗೇಮು ಯಾವುದು, ಡಿಪೋ ಯಾವುದು ಎಂಬ ಗೋಡೆಯೇ ಬಿದ್ದುಹೋಗಿತ್ತು. "ನೋಡು ದೋಣಿ," ಎಂದೆ, "ನಿನ್ನ ಕಂಪನಿಯವರು ಉತ್ತರ ಕೊಡಲಿ. ನಿನ್ನ ನೀರುನಾಯಿ ಯಾರಿಗೋ ಕಾಯ್ತಿದೆ ಅಂತ ಅವರು ಹೇಳಿದ್ರೆ ಗಿರಣಿ ಗೇಟನ್ನ ನಾನು ಮುಟ್ಟಲ್ಲ. ಇಲ್ಲ ಅಂದ್ರೆ ಬಾಯಿ ಮುಚ್ಕೊಂಡು ಕೂರಬೇಕು." ನಾಲ್ಕು ಜನರೆದುರಿಗೆ ಕೊಟ್ಟ ಮಾತು. ಅವನು ಒಪ್ಪಿದ. ಒಂದು ನೀರುನಾಯಿಯನ್ನು ನಂಬಿ ಒಪ್ಪಿದ.

ಐದು ದಿನದಲ್ಲಿ ಕಂಪನಿಯ ಉತ್ತರ ಬಂತು, ಎರಡೇ ಸಾಲು. ಮೂರನೇ ಕಟ್ಟೆಯಲ್ಲಿ ಆಗುತ್ತಿದ್ದ ವಿಳಂಬ ತಾಂತ್ರಿಕ ದೋಷವೆಂದೂ, ಗಮನಕ್ಕೆ ತಂದದ್ದಕ್ಕೆ ಧನ್ಯವಾದವೆಂದೂ, ಅದನ್ನು ಸರಿಪಡಿಸಲಾಗಿದೆಯೆಂದೂ. ಆ ಮಧ್ಯಾಹ್ನದಿಂದ ನೀರುನಾಯಿ ಅಲ್ಲೂ ಹತ್ತೇ ಸೆಕೆಂಡು ನಿಂತು ಮುಂದೆ ಹೋಯಿತು. ಕೇಳಿ ಕೇಳಿ ಅದನ್ನು ಹಾಳುಮಾಡಿಸಿದವನು ಇವನೇ. ಹುಡುಗರು ಅವನ ಮುಖಕ್ಕೆ ಮಂಗಳಾರತಿ ಎತ್ತಿದರು. ನಾನು ಉತ್ತರವನ್ನು ಇಡೀ ವಿಭಾಗಕ್ಕೆ ಕೇಳುವಂತೆ ಗಟ್ಟಿಯಾಗಿ ಓದಿದೆ. ದೋಣಿ ಡಬ್ಬಿ ಮುಚ್ಚಿ, ಸ್ಪೂನ್ ಒರೆಸಿ, "ಅಲ್ಲಿ ನಾನು ತಪ್ಪಿದೆ ಸಾರ್," ಎಂದ. ಡಬ್ಬಿಯನ್ನು ಚೀಲಕ್ಕೆ ಹಾಕಿ, "ಆ ಊರು ಯಾರೋ ಬರೆದಿದ್ದು. ಇಲ್ಲಿ ಬಸ್ಸು ಓಡ್ತಿರೋದು ನಿಜವಾದ ರಸ್ತೇಲಿ. ಮೂರು ದಿನ ರಜೆ ಕೊಡಿ," ಎಂದ.

ಮೂರು ದಿನ ಅವನು ಗಿರಣಿ ಗೇಟಿನ ಎದುರಿನ ಮೋಟುಗೋಡೆಯ ಮೇಲೆ ಕೂತಿದ್ದನಂತೆ, ಕೊಡೆ ಹಿಡಿದುಕೊಂಡು, ಬೆಳಗಿನ ಮೊದಲ ಬಸ್ಸಿನಿಂದ ಸಂಜೆಯವರೆಗೆ. ಸ್ವಂತ ರಜೆ ಹಾಕಿ ಪಾಳುಬಿದ್ದ ಗಿರಣಿಯನ್ನು ಕಾಯುವವನನ್ನು ಏನೆಂದು ಕರೆಯಬೇಕೋ ನನಗೆ ಗೊತ್ತಿಲ್ಲ. ನಾಲ್ಕನೇ ದಿನ ಬಂದು ನನ್ನ ಮುಂದೆ ಒಂದು ಹಾಳೆ ಇಟ್ಟ. ಅದರಲ್ಲಿ ಹೀಗಿತ್ತು: ಹತ್ತಿದವರು ಯಾರೂ ಇಲ್ಲ. ಇಳಿದವರು, ಕಂಡಕ್ಟರ್ ಮಾತ್ರ. ಗೇಟಿನೊಳಗೆ ಹೋಗುತ್ತಾರೆ. ಮೂರು ನಿಮಿಷದಲ್ಲಿ ಬರುತ್ತಾರೆ. ಗಂಡಸು ಕಂಡಕ್ಟರ್ ಇದ್ದ ಬಸ್ಸಿನಲ್ಲಿ ಯಾರೂ ಇಳಿಯುವುದಿಲ್ಲ. ಹೆಂಗಸರಿದ್ದ ಹನ್ನೊಂದು ಟ್ರಿಪ್ಪಿನಲ್ಲಿ ಹತ್ತರಲ್ಲಿ ಇಳಿದರು.

"ಒಳಗೆ ಏನಿದೆ?"

"ವಾಚ್‌ಮನ್ ಇದಾರೆ ಸಾರ್, ವಯಸ್ಸಾದೋರು. ಅವರ ಹತ್ರ ಒಂದು ಬೀಗದ ಕೈ ಇದೆ." ಅವನ ಕಿವಿ ಕೆಂಪಾಗಿತ್ತು. "ಅದು ಏನಂದ್ರೆ ಸಾರ್..."

ನಾನು ಆಗಲೇ ನಗಲು ಶುರು ಮಾಡಿದ್ದೆ. ಸರ್ಕಾರಿ ಬಸ್ಸನ್ನು ನಡುರಸ್ತೆಯಲ್ಲಿ ನಿಲ್ಲಿಸಿ ಮುದುಕನ ಜೊತೆ ಹರಟೆ ಹೊಡೆಯಲು ಹೋಗುತ್ತಾರೆ, ಅದಕ್ಕೆ ವೇಳಾಪಟ್ಟಿಯಲ್ಲಿ ಮೂರು ನಿಮಿಷ. "ಭೇಷ್ ದೋಣಿ," ಎಂದೆ, "ಕತ್ತರಿಸೋಕೆ ನಂಗೆ ಕಾರಣ ಇರಲಿಲ್ಲ. ನೀನೇ ತಂದುಕೊಟ್ಟೆ." ಅವನು ತನ್ನ ಹಾಳೆ ಮಡಚಿ ಜೇಬಿಗಿಟ್ಟ. ಅವನೆದುರಿಗೇ ಸಹಿ ಹಾಕಿ ಹೊಸ ವೇಳಾಪಟ್ಟಿಯನ್ನು ಅಚ್ಚಿಗೆ ಕಳಿಸಿದೆ. ಸೋಮವಾರದಿಂದ ಹದಿನಾಲ್ಕನೇ ನಂಬರು ಗಿರಣಿ ಗೇಟಿನಲ್ಲಿ ಒಂದೇ ನಿಮಿಷ ನಿಂತಿತು.

ಆ ದಿನಗಳಲ್ಲಿ ತಂಗಿ ತನ್ನ ಮಗಳ ಮನೆಗೆ ಹೋಗಿದ್ದಳು. ಬಂದದ್ದು ಮುಂದಿನ ವಾರದ ಮಂಗಳವಾರ ಸಂಜೆ. ಚಹಾ ಕುಡಿಯುತ್ತ ಕೂತಾಗ ನಾನು ಶುರು ಮಾಡಿದೆ, ನಿನ್ನ ಹದಿನಾಲ್ಕನೇ ನಂಬರಿನ ಕಥೆ ಕೇಳು ಎಂದು. ನೀರುನಾಯಿ, ಕಂಪನಿಯ ಪತ್ರ, ಕೊಡೆ ಹಿಡಿದು ಕೂತ ದೋಣಿ, ವಾಚ್‌ಮನ್, ಬೀಗದ ಕೈ. ಒಂದೊಂದನ್ನೂ ರಂಗು ಹಚ್ಚಿ ಹೇಳಿದೆ. ನನ್ನ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ತಂಗಿ ನಗಲಿಲ್ಲ.

"ಕತ್ತರಿಸಿ ಎಷ್ಟು ದಿನ ಆಯ್ತು?" ಎಂದಳು.

"ಒಂಬತ್ತು ದಿನ."

"ಹಾಗಾದ್ರೆ ಒಂಬತ್ತು ದಿನದಿಂದ ಆ ಹುಡುಗೀರು ನೀರು ಕುಡಿದಿಲ್ಲ."

ನನಗೆ ಅರ್ಥವಾಗಲಿಲ್ಲ. ಅವಳು ಲೋಟ ಕೆಳಗಿಟ್ಟು ಟಿಕೆಟ್ ಹರಿದುಕೊಡುವ ದನಿಯಲ್ಲೇ ಹೇಳಿದಳು. "ಹೋಗೋಕೆ ಎರಡು ಗಂಟೆ, ಬರೋಕೆ ಎರಡು ಗಂಟೆ. ಆ ಕಡೆ ಕೊನೇ ಸ್ಟಾಪಿನಲ್ಲಿ ಒಂದು ತಗಡಿನ ಸೂರು, ಒಂದು ಮರ. ಗಂಡಸರಿಗೆ ಮರ ಸಾಕು. ನಮಗೆ ಇಡೀ ದಾರೀಲಿ ಬಾಗಿಲು ಹಾಕ್ಕೊಳ್ಳೋ ಜಾಗ ಇದ್ದಿದ್ದು ಅದೊಂದೇ, ಗಿರಣಿ ಒಳಗಿನ ಪಾಯಿಖಾನೆ. ಗಿರಣಿ ಮುಚ್ಚಿದ ಮೇಲೂ ವಾಚ್‌ಮನ್ ತಾತ ಬೀಗ ತೆಗೆದುಕೊಡ್ತಾರೆ. ಗೇಟಿಂದ ಒಳಗೆ ಹೋಗಿ ಬರೋಕೆ ಮೂರು ನಿಮಿಷ ಬೇಕು. ನಾನೇ ಎಣಿಸಿದ್ದು."

ನನ್ನ ಹೆಂಡತಿ ಬಾಯಿಂದ ಸೆರಗು ತೆಗೆದಳು.

"ಮೊದಲನೇ ನಾಲ್ಕು ವರ್ಷ ಅದೂ ಇರಲಿಲ್ಲ," ಎಂದಳು. "ಬಾಯಾರಿಕೆ ಆದ್ರೂ ನೀರು ಕುಡೀತಿರಲಿಲ್ಲ. ಕಲ್ಲಾಯ್ತು. ಎರಡನೇ ಸಲ ಆಸ್ಪತ್ರೆಯಿಂದ ಬಂದ ಮೇಲೆ ನಿಮ್ಮ ಹಿಂದಿನ ಸಾಹೇಬರ ಹತ್ರ ಹೋದೆ. ಸಾರ್, ಗಿರಣಿ ಗೇಟಲ್ಲಿ ಇನ್ನು ಮೂರು ನಿಮಿಷ ಬೇಕು ಅಂದೆ. ಯಾಕೆ ಅಂತ ಕೇಳಲಿಲ್ಲ ಆ ಪುಣ್ಯಾತ್ಮರು. ಆಗಲಮ್ಮ ಅಂದ್ರು, ಬರೆದ್ರು."

ಅವರನ್ನೇ ನಾನು ಬೆಣ್ಣೆ ಎಂದು ಆಡಿಕೊಂಡಿದ್ದು.  "ನಾನೂ ಅದೇ ಆಫೀಸಲ್ಲಿ ಇದ್ನಲ್ಲೇ," ಎಂದೆ. "ನಂಗೆ ಹೇಳಬಾರದಿತ್ತಾ?"

"ಇದ್ದೆ. ನೀನು ನಾಲ್ಕು ಮೇಜು ಆಚೆ ಕೂತಿದ್ದೆ. ನಿನ್ನ ಮುಂದಿಂದಾನೇ ಹಾದು ಅವರ ಹತ್ರ ಹೋದೆ ಅಣ್ಣ. ನೀನು ಯಾರನ್ನೋ ನೋಡಿ ನಗ್ತಿದ್ದೆ."

ಅಷ್ಟು ಹೇಳಿ ಅವಳು ಲೋಟಗಳನ್ನು ತೊಳೆಯಲು ಒಳಗೆ ಹೋದಳು. ನಾನು ಬೈದಿದ್ದು ನೆನಪಾಯಿತು, ನೀರು ಕುಡಿಯುವುದಕ್ಕೂ ಸೋಮಾರಿತನವೇನೇ ಎಂದು. ಆಸ್ಪತ್ರೆಯ ಮಂಚದ ಪಕ್ಕದಲ್ಲಿ ನಿಂತು ಬೈದಿದ್ದೆ.

ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಆಫೀಸಿಗೆ ಹೋದೆ. ತಿದ್ದುಪಡಿಯ ನಮೂನೆ ತೆಗೆದು, ಮಾರ್ಗ ಹದಿನಾಲ್ಕು, ಗಿರಣಿ ಗೇಟ್, ನಾಲ್ಕು ನಿಮಿಷ, ಇಂದಿನಿಂದಲೇ ಜಾರಿ ಎಂದು ತುಂಬಿದೆ. ಷರಾ ಕಾಲಮ್ಮಿಗೆ ಬಂದಾಗ ಕೈ ನಿಂತಿತು. ಷರಾ ಖಾಲಿ ಬಿಡುವವರನ್ನು ನಾನು ಜನ್ಮವಿಡೀ ಜಾಡಿಸಿದವನು. ಕೊನೆಗೆ 'ಸಿಬ್ಬಂದಿಯ ಕೋರಿಕೆಯ ಮೇರೆಗೆ' ಎಂದು ಬರೆದೆ. ನನ್ನನ್ನು ಯಾರೂ ಕೋರಿರಲಿಲ್ಲ.

ದೋಣಿ ಬಂದ. ನಮೂನೆ ಕೈಗೆ ಕೊಟ್ಟೆ. ಓದಿದ, ಷರಾವನ್ನು ಎರಡು ಸಲ ಓದಿದ, ಹಸಿರು ಪೆನ್ನು ತೆಗೆದು ತನ್ನ ಸಹಿ ಹಾಕಿದ. ಗೆದ್ದೆ ಎಂಬಂತೆ ಮುಖ ಮಾಡಲಿಲ್ಲ. ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

"ನಿಂಗೆ ಆವತ್ತೇ ಗೊತ್ತಿತ್ತು ತಾನೆ," ಎಂದೆ. "ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು?"

"ಹೇಳೋಕೇ ಬಂದಿದ್ದೆ ಸಾರ್," ಎಂದ. "ನೀವು ಆಗಲೇ ನಗೋಕೆ ಶುರು ಮಾಡಿದ್ರಿ."

ನಮೂನೆ ಹಿಡಿದುಕೊಂಡು ಬಸ್ಸುಗಳ ಅಂಗಳದ ಕಡೆಗೆ ಹೋದ, ಮುಂದಿನ ಟ್ರಿಪ್ಪಿನವರಿಗೆ ಹೇಳಲು.

ಒಂದು ಗಂಟೆಗೆ ಅವನು ಎಂದಿನಂತೆ ಡಬ್ಬಿ ಬಿಚ್ಚಿ, ಬಾಟಲಿಗೆ ಮೊಬೈಲ್ ಒರಗಿಸಿಕೊಂಡು ಕೂತ. ಆ ಗೇಮು ಈಗಲೂ ನನ್ನ ಕಣ್ಣಿಗೆ ತಲೆಬುಡವಿಲ್ಲದ್ದೇ. ನೀರುನಾಯಿ ಯಾರಿಗೂ ಕಾಯುತ್ತಿರಲಿಲ್ಲ, ಬಾತುಕೋಳಿಗೂ ಅದಕ್ಕೂ ಜಗಳವಾಗಿರಲಿಲ್ಲ. ನಾನು ಮೇಜಿನ ಕೆಳಗೆ ಮೊಬೈಲ್ ತೆಗೆದು ಆ ಗುಂಪಿನಲ್ಲಿ ಹಿಂದಕ್ಕೆ ಹೋಗುತ್ತ ಕಪ್ಪೆಯ ಟಿಪ್ಪಣಿಯನ್ನು ಹುಡುಕಿದೆ. ಇನ್ನೂ ಇತ್ತು. ಕೆಳಗೆ ನಾನು ಒತ್ತಿದ ನಗುವ ಮುಖವೂ ಇತ್ತು. ಅದನ್ನು ತೆಗೆಯೋಣವೆಂದು ಅಲ್ಲಿ ಇಲ್ಲಿ ಒತ್ತಿದೆ. ಒಂದು ಇದ್ದದ್ದು ಎರಡಾಯಿತು. ಹೇಗೆ ತೆಗೆಯಬೇಕೆಂದು ನನಗೆ ಗೊತ್ತಿಲ್ಲ. ದೋಣಿಯನ್ನೇ ಕೇಳಬೇಕು.